ಅವ್ವನ ಮಣೆ ಬಳೆಯಾದದ್ದು

ನಮ್ಮ ಯಜಮಾನರ ಕಣ್ಣಿಗೆ ಲೋಕದಲ್ಲಿರುವುದು ಎರಡೇ ಬಗೆಯ ವಸ್ತು: ಬಳೆ ಆಗುವಂಥವು, ಬಳೆ ಆಗದಂಥವು. ನಾನು ಎರಡನೆಯ ಬಗೆ. ಶಿವ ನನ್ನನ್ನು ಮರದಲ್ಲಿ ಮಾಡಲಿಲ್ಲ, ಅದಕ್ಕೇ ಇನ್ನೂ ಇಡಿಯಾಗಿ ಉಳಿದಿದ್ದೇನೆ!

ಹಡಗಲಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅದರ ಮೂಲೆಯಲ್ಲಿ ಇವರು ಹಳೇ ಮೋಟರಿಗೆ ಬೆಲ್ಟು ಹಾಕಿ ಲೇತ್ ಮಷಿನ್ನು ಮಾಡಿಕೊಂಡಿದ್ದಾರೆ. ತೇಗ, ಬೇವು, ಹುಣಸೆಯ ಚೂರುಗಳನ್ನು ಕಿತ್ತಳೆ ತೊಳೆಯ ಹಾಗೆ ಓರೆಯಾಗಿ ಕೊಯ್ದು, ಒಂದರ ಪಕ್ಕ ಒಂದು ಅಂಟಿಸಿ ಉಂಗುರ ಕಟ್ಟುವುದು. ಅಂಟು ಒಣಗಿದ ಮೇಲೆ ಲೇತಿಗೆ ಸಿಕ್ಕಿಸಿ, ಗರಗರ ತಿರುಗಿಸಿ, ಉಳಿ ಹಿಡಿದು ನುಣ್ಣಗೆ ಬಳೆ ಕಡೆಯುವುದು. ಚೆಂದ ಇಲ್ಲ ಎನ್ನಲಾರೆ. ಆದರೆ ಮರ ಎಲ್ಲಿಂದ ಬರುತ್ತದೆ? ನನ್ನ ಮನೆಯೊಳಗಿಂದ!

ಲಟ್ಟಣಿಗೆ ಹೋಯಿತು. ಮಜ್ಜಿಗೆಯ ಕಡಗೋಲು ಹೋಯಿತು. ಕುರ್ಚಿಯ ಒಂದು ಕಾಲು ಕೊಯ್ದಾಗ, ಕುರ್ಚಿ ಕುಂಟಾಯಿತಲ್ಲ ಎಂದು ಕೂಗಾಡಿದೆ. "ಸಮ ಮಾಡ್ತೀನಿ ತಡೀಲೇ" ಎಂದು ಉಳಿದ ಮೂರನ್ನೂ ಕೊಯ್ದರು! ಈಗ ಅದರಲ್ಲಿ ಕೂತ ನೆಂಟರ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಲೇತಿನ ಮರದ ಪುಡಿ ಹಾರಿ ಹಿಟ್ಟಿಗೂ ಬಿತ್ತು. ಗಿರಣಿಗೆ ಬರುವ ಹೆಂಗಸೊಬ್ಬಳು, "ಅಕ್ಕಾರ, ನಿಮ್ಮಲ್ಲಿ ಬೀಸಿದ ಹಿಟ್ಟಿನ ರೊಟ್ಟಿ ಬಾಗಿಲ ವಾಸನಿ ಬರ್ತಾವ್ರಿ" ಎಂದಳು. ಇವರಿಗೆ ನಾಚಿಕೆಯಾಯಿತೇ? "ತೇಗದ ಬಾಗಿಲೋ, ಬೇವಿಂದೋ ಕೇಳಬೇಕಿತ್ತು!" ಅಂದರು. ಇವರ ಬೆರಳು ಹತ್ತೂ ಇನ್ನೂ ಇವೆಯಲ್ಲ ಎಂದು ಕೊಟ್ಟೂರೇಶ್ವರನಿಗೆ ಕೈ ಮುಗಿದು ಹಲ್ಲು ಕಚ್ಚಿಕೊಂಡೆ.

ಕೈ ಅಂದೆನಲ್ಲ, ನನ್ನ ಸಂಕಟ ಇರುವುದೇ ಅಲ್ಲಿ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದಿತ್ತು. ಮೂಳೆ ಕೂಡಿತು, ದೇವರು ದೊಡ್ಡವನು. ಆದರೆ ಹೆಬ್ಬೆರಳ ಬುಡ ದಪ್ಪವಾಗಿ ನಿಂತುಬಿಟ್ಟಿತು. ಶ್ರಾವಣದಲ್ಲಿ ಬಳೆಗಾರ್ತಿ ಸೋಪು ಹಚ್ಚಿದಳು, ಎಣ್ಣೆ ಹಚ್ಚಿದಳು, ಒಂದೂ ಒಳಗೆ ಹೋಗಲಿಲ್ಲ. ದೊಡ್ಡ ಅಳತೆಯದು ಹೋಯಿತು, ರೊಟ್ಟಿ ಬಡಿಯುವಾಗ ಜಾರಿ ಬಿತ್ತು. "ಈ ಕೈಗೆ ಆಗಂಗಿಲ್ಲ ಬಿಡ್ರೀ ಅಕ್ಕಾರ" ಎಂದು ಗಂಟು ಕಟ್ಟಿದಳು. ಎಡಗೈ ತುಂಬ ಹಸಿರು ಬಳೆ, ಬಲಗೈ ಬೋಳು! ಒಂದು ಕುಬಸದಲ್ಲಿ ಬಸುರಿಗೆ ಅರಿಸಿನ ಹಚ್ಚಲು ಕೈ ಚಾಚಿದರೆ ಮುದುಕಿಯೊಬ್ಬಳು, "ಗಂಡ ಗಟ್ಟ್ಯಾಗಿ ಅದಾನ, ಈಕಿ ಕೈ ನೋಡ್ರವ್ವ ಹೆಂಗೈತಿ" ಎಂದಳು. ಸೆರಗಿನೊಳಗೆ ಕೈ ಮುಚ್ಚಿಕೊಂಡು ಮನೆಗೆ ಬಂದೆ. ಗಂಡನಿಗೆ ಹೇಳಿದೆನೇ? ಯಾಕೆ ಹೇಳಲಿ? ಹಗಲೆಲ್ಲ ಬಳೆ ಮಾಡುವವರಿಗೆ ಹೆಂಡತಿಯ ಕೈ ಕಾಣಬಾರದೇ?

ಕಳೆದ ಸೋಮವಾರ ಪೂಜೆಗೆ ಕೂತರೆ ಒಂದು ಮಂಡಿ ನೆಲಕ್ಕೆ ಬಿತ್ತು. ನೋಡುತ್ತೇನೆ, ಮದುವೆಯಲ್ಲಿ ಅವ್ವ ಕೊಟ್ಟ ಮಣೆಯನ್ನೇ ಒಂದು ಕಡೆ ಕೊಯ್ದಿದ್ದಾರೆ! ಕುಂಕುಮದ ಡಬ್ಬಿಗೆ ಕೈ ಹಾಕಿದರೆ ಮುಚ್ಚಳವೂ ಕಿತ್ತು ಬಂತು! ಶಿವ ಬೇಕಾದರೆ ಇವರನ್ನು ಕ್ಷಮಿಸಲಿ, ನಾನು ಕ್ಷಮಿಸುವುದಿಲ್ಲ ಎಂದು ಪೂಜೆ ಬಿಟ್ಟೆದ್ದು ನೇರ ಗಿರಣಿಗೆ ನಡೆದೆ.

"ದೇವರ ಮುಂದ ಕೂಡೋ ಮಣೀನೂ ಬಿಡಲಿಲ್ಲೇನ್ರೀ? ಅವ್ವ ಅಂತೂ ಇಲ್ಲ, ಆಕಿ ಮಣಿ ಒಂದಿತ್ತು!"

ಹಿಟ್ಟು ಬೀಸಲು ಬಂದವರೆಲ್ಲ ನೋಡುತ್ತಿದ್ದರು. ನೋಡಲಿ! ಇವರು ಲೇತಿನಿಂದ ಇಳಿಸಿದ ಹೊಸ ಬಳೆಯ ಮೇಲೆ ಉಳಿ ಇಟ್ಟು ಮೆಲ್ಲಗೆ ಬಡಿದರು. ಟಕ್! ಬಳೆ ಎರಡು ಹೋಳು!

"ಕೊಯ್ದಿದ್ದು ಸಾಲದು ಅಂತ ಒಡದ್ರೇನು!"

"ಒಡದಿಲ್ಲಲೇ, ಬಿಚ್ಚೀನಿ. ಎರಡು ಕಡೆ ನಡುವ ಪೇಪರ್ ಇಟ್ಟು ಅಂಟಿಸಿದ್ದೆ. ಅಲ್ಲಷ್ಟ ಬಿಡ್ತೈತಿ, ಬ್ಯಾರೆ ಕಡೆ ಅಲ್ಲಾಡಂಗಿಲ್ಲ. ಕೈ ತಾ ಇಲ್ಲಿ."

ಹೋಳುಗಳ ಒಂದು ತುದಿಗೆ ಸಣ್ಣ ಹಿತ್ತಾಳೆ ಕೀಲು, ಇನ್ನೊಂದು ತುದಿಗೆ ಕೊಂಡಿ ಕೂರಿಸಿದರು. ಎಲ್ಲಿಯವು? ನನ್ನ ಕುಂಕುಮದ ಡಬ್ಬಿಯವು! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನ ಮಣೆ, ನನ್ನ ದಪ್ಪ ಹೆಬ್ಬೆರಳ ಬುಡವನ್ನು ದಾಟುವ ಗೋಜೇ ಇಲ್ಲದೆ, ಮುಂಗೈ ಸುತ್ತ ಬಂದು ಮುಚ್ಚಿಕೊಂಡಿತು.

"ಬಿಗಿ ಆತೇನು?"

"ಇಲ್ಲ."

"ಕುಬಸದಿಂದ ಸೆರಗಿನಾಗ ಕೈ ಇಟಗೊಂಡು ಬಂದಿದ್ದೆಲ್ಲ, ಅವತ್ತು ಹಿಡದ ಕೆಲಸ ಇದು. ಬ್ಯಾರೆ ಕಟಿಗಿ ಆಗಿದ್ರ ನನ್ನ ಮ್ಯಾಲಿನ ಸಿಟ್ಟಿಗೆ ತಗದು ಒಗೀತಿದ್ದಿ. ಅವ್ವನ ಮಣಿ ಒಗಿಯಂಗಿಲ್ಲ ನೀ."

ಸಿಟ್ಟು ಇಳಿದಿಲ್ಲ, ಹೇಳಿಬಿಡುತ್ತೇನೆ. ಮುಚ್ಚಳವಿಲ್ಲದ ಕುಂಕುಮಕ್ಕೆ ದಿನಾ ಧೂಳು ಬೀಳುತ್ತದೆ. ಮಣೆಯ ಮೇಲೆ ಒಂದೇ ಮಂಡಿ ಕೂರುತ್ತದೆ. ಆದರೆ ಈಗ ಶಿವನ ಮುಂದೆ ಕೈ ಜೋಡಿಸಿದರೆ ಎಡಗೈಯ ಗಾಜು ಬಲಗೈಯ ಮರಕ್ಕೆ ತಾಗಿ ಸಣ್ಣಗೆ ಸದ್ದಾಗುತ್ತದೆ. ಆಮೇಲೆ ಬೇಡಿಕೊಳ್ಳಲು ನನಗೆ ಏನೂ ನೆನಪಾಗುವುದಿಲ್ಲ.