ಬ್ಲೂಸ್ ಅಜ್ಜನಿಗೆ ಹಿಮ್ಮೇಳ ಕೊಟ್ಟದ್ದು

ನಾನು ಹೋದಲ್ಲೆಲ್ಲ ಏನಾದರೊಂದು ಆಗೇ ಆಗುತ್ತದೆ. ತಪ್ಪು ನನ್ನದಲ್ಲ, ನನ್ನ ಕಂಠದ್ದು. ನಮ್ಮೂರ ಹನುಮಪ್ಪನ ಗುಡಿಯಲ್ಲಿ ನಾನು ಭಜನೆಗೆ ದನಿ ಎತ್ತಿದರೆ ಹಳ್ಳದಾಚೆ ಊರಿನವರು ತಾಳ ಹಾಕುತ್ತಿದ್ದರು. ಅಂಥ ಕಂಠ ಹೊತ್ತು ವಿಶಾಖಪಟ್ಟಣದ ಪಕ್ಕದ ಪರವಾಡದಲ್ಲಿ ಔಷಧ ಕಾರ್ಖಾನೆ ಸೇರಿದೆ.

ಮೀಸೆಯ ಪಣ

ಅಮೆರಿಕದ ಬ್ಲೂಸ್ ಹಾಡುಗಾರನೊಬ್ಬ ವಿಶಾಖಪಟ್ಟಣಕ್ಕೆ ಬರುತ್ತಾನೆಂದು ಸುದ್ದಿಯಾಯಿತು. ಎಂಬತ್ತು ದಾಟಿದ ಮುದುಕ. ಗಿಟಾರ್ ಹಿಡಿದು ತನ್ನ ಸಂಕಟವನ್ನೇ ಹಾಡುತ್ತಾನೆ. ಅವನ ಸಿ.ಡಿ. ಕೇಳಿ ಕೇಳಿ ನಾನಾಗಲೇ ಶಿಷ್ಯನಾಗಿದ್ದೆ.

"ಅವನ ಕೈ ಕುಲುಕದೇ ಬಂದರೆ ಅರ್ಧ ಮೀಸೆ ಬೋಳಿಸ್ತೀನಿ!" ಎಂದು ಕಂಪನಿ ಬಸ್ಸಿನಲ್ಲಿ ಸಾರಿಬಿಟ್ಟೆ.

ನಮ್ಮ ಶಿಫ್ಟ್ ಇನ್‌ಚಾರ್ಜ್, ತೆಲುಗಿನವರು, ಶಾಂತವಾಗಿ ಹೇಳಿದರು: "ನಾನೂ ಬರ್ತೀನಯ್ಯಾ. ಬ್ಲೇಡು ನಂದೇ."

ಅತ್ತೆಯ ತೀರ್ಪು

ಕಛೇರಿಗೆ ಮುಂಚಿನ ಭಾನುವಾರ ವಿಜಯವಾಡಕ್ಕೆ ಹೋಗಿದ್ದೆ. ಅಲ್ಲಿನ ಪಟಮಟ ಬಡಾವಣೆಯಲ್ಲಿ ನಮ್ಮ ಸೋದರಮಾವನ ಮನೆ. ಬ್ಯಾಂಕಿನವರು, ವರ್ಗವಾಗಿ ಬಂದವರು. ಸಿ.ಡಿ. ಹಾಕಿದೆ.

"ಹೊಟ್ಟಿನೋವೇನಲೇ ಇವಗ?" ಎಂದರು ಮಾವ.

ಇಂಗ್ಲಿಷಿನ ಗಂಧವಿಲ್ಲದ ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಹೆಂಡ್ತಿ ಬಿಟ್ಟು ಹೋಗ್ಯಾಳ್ರೀ, ಪಾಪ."

ನಿಜಕ್ಕೂ ಅದೇ ಹಾಡು! ಮುಂದಿನದು ಶುರುವಾಯಿತು. "ಈಗ ತಿರುಗಿ ಬಂದಾಳ," ಎಂದರು ಅತ್ತೆ.

"ಹೆಂಗ ತಿಳೀತು ಅತ್ತಿ?"

ಉತ್ತರ ಮಾವನಿಂದ ಬಂತು: "ಅಳು ಜೋರಾತಲ್ಲ!"

ಹೊರಡುವಾಗ ಅತ್ತೆ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟರು. ನನಗಲ್ಲ. "ಆ ಅಜ್ಜಗ ಕೊಡು."

ಹಿಮ್ಮೇಳ

ಕಛೇರಿಯ ಸಂಜೆ ಇಬ್ಬರು ಹಿಡಿದು ತಂದು ಅಜ್ಜನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿದರು. ಕೈ ನಡುಗುತ್ತಿತ್ತು. ಮುಗೀತು ಕಥೆ ಅಂದುಕೊಂಡೆ. ಆ ಕೈ ತಂತಿ ಮುಟ್ಟಿತು ನೋಡಿ, ನಡುಕವೇ ಗಮಕವಾಯಿತು! ನನ್ನಂಥವನ ಮೈಯೂ ಜುಮ್ಮೆಂದಿತು.

ಒಂದು ಸಾಲು ಹಾಡಿ ಅಜ್ಜ, ನೀವೂ ಹಾಡಿ ಎಂಬಂತೆ ಸಭೆಯತ್ತ ಬಾಗಿ ಕಿವಿಗೆ ಕೈ ಹಚ್ಚಿದ. ಸಭೆ ಪರೀಕ್ಷೆಗೆ ಕೂತಂತೆ ಗಪ್‌ಚಿಪ್. ನಮ್ಮೂರಲ್ಲಿ ಹಾಡುಗಾರ ಬಿಟ್ಟ ಸಾಲನ್ನು ಹಿಮ್ಮೇಳದವರು ಎತ್ತದಿದ್ದರೆ ಅವನಿಗೆ ಅವಮಾನ ಮಾಡಿದಂತೆ. ನಾನಿದ್ದೂ ಅವಮಾನವೇ? ಮಾತು ತಿಳಿಯದಿದ್ದರೂ ರಾಗ ಹಿಡಿದು ಭಜನೆಯ ದನಿಯಲ್ಲೇ ಎತ್ತಿದೆ. ಸಭೆಯೆಲ್ಲ ತಿರುಗಿ ನೋಡಿತು. ಇನ್‌ಚಾರ್ಜ್ ಪಕ್ಕದವರಿಗೆ, "ಇವನ್ಯಾರೋ ಗೊತ್ತಿಲ್ಲ," ಎಂದು ಹೇಳಿ ಎದ್ದು ಹೊರಗೇ ಹೋದರು.

ಅಜ್ಜ ಗಿಟಾರ್ ನಿಲ್ಲಿಸಿದ. ಮೀಸೆ ಮುಟ್ಟಿಕೊಂಡೆ. ಅವನು ಕತ್ತಲಲ್ಲಿ ನನ್ನತ್ತಲೇ ದಿಟ್ಟಿಸಿ ಇನ್ನೊಂದು ಸಾಲು ಎಸೆದ. ಎತ್ತಿದೆ. ಮತ್ತೊಂದು. ಅದನ್ನೂ ಎತ್ತಿದೆ. ಆಮೇಲೆ ಸಭೆಗೆ ಸಭೆಯೇ ಎತ್ತಿತು! ಕೊನೆಗೆ ಅಜ್ಜ ನನ್ನನ್ನು ವೇದಿಕೆಗೆ ಕರೆಸಿ ಎರಡೂ ಕೈಯಿಂದ ನನ್ನ ಕೈ ಹಿಡಿದ. ಡಬ್ಬಿ ಕೊಟ್ಟೆ.

ಹೊರಗೆ ಇನ್‌ಚಾರ್ಜ್ ಬ್ಲೇಡಿನ ಪೊಟ್ಟಣ ಹಿಡಿದೇ ನಿಂತಿದ್ದರು. "ಕುಲುಕಿದ್ದನ್ನು ನಾನು ನೋಡಿಲ್ಲವಲ್ಲಯ್ಯಾ?"

ಅಷ್ಟರಲ್ಲಿ ಅಜ್ಜ ಕಾರಿನತ್ತ ಬಂದ, ಬಾಯಿ ತುಂಬ ಹೋಳಿಗೆ. ನನ್ನನ್ನು ಕಂಡವನೇ ನಿಂತು ಮತ್ತೆ ಕೈ ಕುಲುಕಿದ. ನನ್ನ ಕಡೆಯವರೆಂದು ಇನ್‌ಚಾರ್ಜ್‌ಗೂ ಕೈ ಚಾಚಿದ. ಗಾಬರಿಯಲ್ಲಿ ಅವರು ಪೊಟ್ಟಣ ಹಿಡಿದ ಕೈಯನ್ನೇ ಮುಂದೆ ಮಾಡಿದರು.

ಅಜ್ಜ ಪೊಟ್ಟಣ ತಗೊಂಡ. ತಿರುಗಿಸಿ ನೋಡಿದ. ತನ್ನ ಬಿಳಿ ಗಡ್ಡ ಸವರಿಕೊಂಡ. ಬಲು ಗೌರವದಿಂದ "ಥ್ಯಾಂಕ್ಯೂ ಸರ್" ಎಂದು ಹೇಳಿ ಜೇಬಿಗಿಟ್ಟುಕೊಂಡು ಕಾರು ಹತ್ತಿದ.