ಸಿಂಕಾದ ಒಂಬತ್ತು ಪದ್ಯಗಳು

‘ಟುಡುಂಗ್’ ಎಂದಿತು ಕಂಪ್ಯೂಟರು. ಘಣಸೋಲಿಯ ಮನೆಯಲ್ಲಿ ಸಂಕರ್ಷಣ ತನ್ನ ಹೊಸ ಬಿಳಿ ಮ್ಯೂಸಿಕ್ ಪ್ಲೇಯರನ್ನು ಅದಕ್ಕೆ ಸಿಕ್ಕಿಸಿದ್ದ. ಇನ್ನು ಮುಂದೆ ಈ ಮನೆಯ ಒಂದು ಹಾಡೂ ಶಿಸ್ತಿಲ್ಲದೆ ಅಲೆಯಕೂಡದು, ಎಲ್ಲವೂ ಪ್ಲೇಯರಿನ ಸ್ವಂತ ಸಾಫ್ಟ್‌ವೇರಿನ ಮೂಲಕವೇ ಸಿಂಕ್ ಆಗಬೇಕು, ಅಂದರೆ ಕಂಪ್ಯೂಟರಿನಲ್ಲಿ ಇದ್ದದ್ದೇ ಪ್ಲೇಯರಿನಲ್ಲೂ ಇರಬೇಕು ಎಂದು ಆ ಭಾನುವಾರ ಬೆಳಿಗ್ಗೆ ಘೋಷಿಸಿದ. ಬೇಲಾಪುರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲುಗಳನ್ನು ಸರಿಯಾದ ಮಾರ್ಗದಲ್ಲೇ ಕಳಿಸಿದವನಿಗೆ ಅಡ್ಡದಾರಿ ಒಗ್ಗುವುದಿಲ್ಲ.

ಅವನ ಹೆಂಡತಿ ಸತ್ಯಭಾಮಾ ಹೆಂಗಸರ ಯಕ್ಷಗಾನ ತಂಡದಲ್ಲಿ ರಾಕ್ಷಸ ವೇಷ ಹಾಕಲಿದ್ದಳು. ರಂಗಸ್ಥಳ ಏರುವುದು ಇದೇ ಮೊದಲು. ಭಾಗವತ ಲೀಲಾಧರರು ಉಡುಪಿಯಿಂದ ಬಂದು ಅವಳ ವೇಷದ ಒಂಬತ್ತು ಪದ್ಯಗಳನ್ನು ಹಾಡಿ ಹೋಗಿದ್ದರು; ಮತ್ತೆ ಬರುವುದು ಆಟದ ದಿನವೇ. ಅಲ್ಲಿಯವರೆಗೆ ಕುಣಿತ ಕಲಿಯಲು ಅವಳಿಗಿದ್ದ ಆಧಾರವೆಂದರೆ, ಡೊಂಬಿವಲಿ ಸ್ಟೇಷನ್ನಿನ ಹೊರಗೆ ಕೊಂಡ ಬೆರಳುದ್ದದ ಪ್ಲೇಯರಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಆ ಪದ್ಯಗಳು.

“ಇದರಲ್ಲೇ ಇರಲಿ ಮಾರಾಯ್ರೇ. ನನಗೆ ಕೇಳಿದರೆ ಸಾಕು,” ಎಂದಳು ಅವಳು.

ಸುಮ್ಮನೆ ಕಾಪಿ ಮಾಡಿ ಇಟ್ಟುಕೊಳ್ಳುವುದು ಸಂಸ್ಕಾರವಿಲ್ಲದವರ ಪದ್ಧತಿ ಎಂದು ಅವನು ತಿಳಿಹೇಳಿದ. ಒಂಬತ್ತೂ ಪದ್ಯಗಳು ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಬಿಳಿ ಪ್ಲೇಯರಿಗೆ ಸಿಂಕ್ ಆದವು. ಅಷ್ಟಕ್ಕೇ ನಿಲ್ಲದೆ ಅವಳ ಪ್ಲೇಯರನ್ನು ಒರೆಸಿ ಖಾಲಿ ಮಾಡಿಟ್ಟ.

ಬುಧವಾರ ಕಂಪ್ಯೂಟರಿಗೆ ವೈರಸ್ ಹಿಡಿಯಿತು. ರಿಪೇರಿಯವನು ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡಿಕೊಟ್ಟ. ಸಂಕರ್ಷಣ ಹೆದರಲಿಲ್ಲ, ಪದ್ಯಗಳು ಬಿಳಿ ಪ್ಲೇಯರಿನಲ್ಲಿ ಭದ್ರವಾಗಿದ್ದವಲ್ಲ. ಸಾಫ್ಟ್‌ವೇರನ್ನು ಹೊಸದಾಗಿ ಹಾಕಿಕೊಂಡು, ಅವನ್ನು ಕಂಪ್ಯೂಟರಿಗೆ ವಾಪಸ್ ಹಾಕಲು ಕೂತ. ಒಳಗೆ ಹೋದ ಪದ್ಯ ಹೊರಗೆ ಬರಲು ಆ ಸಾಫ್ಟ್‌ವೇರಿನಲ್ಲಿ ಬಾಗಿಲೇ ಇರಲಿಲ್ಲ! ಬದಲಿಗೆ ಅದೇ ಅವನನ್ನು ಕೇಳಿತು: ಈ ಪ್ಲೇಯರು ಬೇರೊಂದು ಸಂಗ್ರಹಕ್ಕೆ ಸೇರಿದೆ, ಅಳಿಸಿ ಇದರೊಂದಿಗೆ ಸಿಂಕ್ ಮಾಡಲೇ? ಅದೂ ನನ್ನದೇ, ಇದೂ ನನ್ನದೇ ಎಂದುಕೊಂಡು ಅವನು ಹೂಂ ಒತ್ತಿದ. ಕಂಪ್ಯೂಟರಿನಲ್ಲಿ ಒಂದು ಹಾಡೂ ಇರಲಿಲ್ಲ. ಸಾಫ್ಟ್‌ವೇರು ಚಾಚೂ ತಪ್ಪದೆ ಪ್ಲೇಯರನ್ನೂ ಹಾಗೆಯೇ ಮಾಡಿತು. ಇಂಥ ನಿಷ್ಠಾವಂತ ನೌಕರನನ್ನು ಅವನ ಕಚೇರಿಯೂ ಕಂಡಿರಲಿಲ್ಲ!

ಪದ್ಯ ಕೇಳಬೇಕೆಂದ ಹೆಂಡತಿಗೆ, ಪ್ಲೇಯರು ಚಾರ್ಜ್ ಆಗುತ್ತಿದೆ ಎಂದು ಎರಡು ದಿನ ತಳ್ಳಿದ. ಮೂರನೆಯ ದಿನ ಒಪ್ಪಿಕೊಂಡ. ಆಟಕ್ಕೆ ಉಳಿದದ್ದು ಎಂಟು ದಿನ. ಸತ್ಯಭಾಮಾ ಐರೋಲಿಯ ರಮಾಮಣಿಗೆ ಫೋನ್ ಹಚ್ಚಿದಳು. ಅವರು ತಂಡದ ಹಿರಿಯರು, ಅರವತ್ತು ದಾಟಿದವರು. ಆಚೆಯಿಂದ ಉತ್ತರ ಬರುವಷ್ಟರಲ್ಲಿ ಸಂಕರ್ಷಣ ನಾಲ್ಕು ದೇವರಿಗೆ ಹರಕೆ ಹೇಳಿಕೊಂಡಿದ್ದ.

ರಮಾಮಣಿ ಬಸ್ಸು ಹಿಡಿದು ಬಂದೇಬಿಟ್ಟರು. ಭಾಗವತರು ಹಾಡಿದ ದಿನವೇ ಎಲ್ಲರ ಪದ್ಯಗಳನ್ನೂ ತಮ್ಮ ಪುಟ್ಟ ಪ್ಲೇಯರಿಗೆ ತುಂಬಿಕೊಂಡಿದ್ದರು. ಅದನ್ನೂ ಸತ್ಯಭಾಮೆಯದನ್ನೂ ಕಂಪ್ಯೂಟರಿಗೆ ಸಿಕ್ಕಿಸಿ, ಅತ್ತಣದ್ದನ್ನು ಎಳೆದು ಇತ್ತ ಹಾಕಿದರು. ಒಲೆಯ ಮೇಲಿನ ಚಹಾ ಕುದಿಯುವ ಮೊದಲೇ ಕೆಲಸ ಮುಗಿದಿತ್ತು. ಆ ಸುಕ್ಕುಗಟ್ಟಿದ ಬೆರಳುಗಳನ್ನು ಕಂಡು ಸಂಕರ್ಷಣನಿಗೆ ನಿಜಕ್ಕೂ ಕೈಮುಗಿಯೋಣವೆನಿಸಿತು.

“ಯಾವ ಸಾಫ್ಟ್‌ವೇರು ರಮಾಮಣಿಯಕ್ಕ?”

“ಎಂತ ಸಾಫ್ಟ್‌ವೇರು? ವಯರು.”

ಅವನು ಹೆಂಡತಿಯತ್ತ ತಿರುಗಿದ. “ಸೇಫ್ಟಿಗೆ ಇರಲಿ, ನನ್ನದರಲ್ಲೂ ಒಮ್ಮೆ ಸಿಂಕ್ ಮಾಡಿ...”

ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಅವಳ ಕಿವಿಯಲ್ಲಿ ರಾಕ್ಷಸನ ಪ್ರವೇಶದ ಪದ್ಯ ಆಗಲೇ ಶುರುವಾಗಿತ್ತು. ಸತ್ಯಭಾಮಾ ಸೆರಗು ಬಿಗಿದು, ಗಂಡನ ಮಾತನ್ನು ಅರ್ಧಕ್ಕೇ ಬಿಟ್ಟು, ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ಒಳಕೋಣೆಗೆ ನಡೆದಳು.