ಸೀಲು ಒಡೆಯದ ಏಳು ಇನ್‌ಹೇಲರುಗಳ ವಿಚಾರ

ಸೇನಾ ವೈದ್ಯಕೀಯ ವಿನಾಯಿತಿ ವಿಭಾಗದ ಮಾನ್ಯರೇ,

ನನ್ನ ಮಗಳು ಬ್ರೀನಾಳ ಶ್ವಾಸಕೋಶದ ಬಗ್ಗೆ ಹೆತ್ತವಳಿಗಿಂತ ಹೆಚ್ಚು ಕಾಳಜಿ ವಹಿಸಿರುವ ತಮಗೆ ದಕ್ಷಿಣ ಡಕೋಟಾದ ನಮ್ಮ ಪುಟ್ಟ ಊರಿನಿಂದ ಅನಂತ ವಂದನೆಗಳು.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ನೆಗಡಿಯಾಗಿ ಕೆಮ್ಮು ಹತ್ತಿದಾಗ ಡಾಕ್ಟರು ಒಂದು ಇನ್‌ಹೇಲರ್ ಬರೆದುಕೊಟ್ಟರು, ಅವಳು ಎರಡು ದಿನ ಬಳಸಿ ಮರೆತಳು. ಆದರೆ ಔಷಧಿ ಅಂಗಡಿಯ ಯಂತ್ರ ಮರೆಯಲಿಲ್ಲ, ಆ ಚೀಟಿಯನ್ನು ತಾನಾಗಿಯೇ ನವೀಕರಿಸುತ್ತಾ ಹೋಯಿತು. ನಾನು ಶಾಂಪೂ ತರಲು ಹೋದಾಗಲೆಲ್ಲ ಅಂಗಡಿಯವರು ಹೊಸದೊಂದನ್ನು ಸಿದ್ಧಮಾಡಿ ಇಟ್ಟಿರುತ್ತಿದ್ದರು. ವಿಮೆಯವರು ಕೊಡುವುದನ್ನು ಬೇಡವೆನ್ನುವುದೇಕೆಂದು ಮೂರು ವರ್ಷದಲ್ಲಿ ಏಳನ್ನು ತಂದು ಡ್ರಾಯರಿಗೆ ಎಸೆದೆ. ಅವಳು ಸೇನೆ ಸೇರಲು ಅರ್ಜಿ ಹಾಕಿದಾಗ ಅಂಗಡಿಯ ದಾಖಲೆಯಿಂದ ಅದನ್ನೆಲ್ಲ ಹೆಕ್ಕಿ ತೆಗೆದ ತಮ್ಮ ಕಂಪ್ಯೂಟರು ಅವಳನ್ನು ಉಬ್ಬಸದ ರೋಗಿಯೆಂದು ಘೋಷಿಸಿತು. "ಅಮ್ಮಾ, ಪುಕ್ಕಟೆ ಸಿಕ್ತು ಅಂತ ನನ್ನ ಹೆಸರಲ್ಲಿ ಇನ್ನೇನೇನು ತಂದಿಟ್ಟಿದ್ದೀಯಾ, ಈಗ್ಲೇ ಹೇಳ್ಬಿಡು," ಎಂದಳು ಮಗಳು.

ತಮ್ಮದೇ ವೈದ್ಯರ ಮುಂದೆ ಉಸಿರಿನ ಪರೀಕ್ಷೆಯ ಕೊಳವೆ ಊದಿ ಅವಳು ಪಾಸಾದರೂ, ವಿನಾಯಿತಿ ಕೊಡುವ ಮೊದಲು ಔಷಧಿ ಬಳಸಿಲ್ಲವೆಂಬುದಕ್ಕೆ ಪುರಾವೆ ಕೇಳಿದ ತಮ್ಮ ಸೂಕ್ಷ್ಮದೃಷ್ಟಿಗೆ ತಲೆಬಾಗುತ್ತೇನೆ. ಕಳೆದ ಫೆಬ್ರವರಿಯಲ್ಲಿ ಕೆಸ್ಲರ್ ಅವರ ದನದ ಕೊಟ್ಟಿಗೆಗೆ ಬೆಂಕಿ ಬಿದ್ದಾಗ, ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಈ ರೋಗಿಯೇ ಮೂವತ್ತು ಕಿಲೋ ಸಾಮಾನು ಹೊತ್ತು ಒಳನುಗ್ಗಿ ಎರಡು ಕರುಗಳನ್ನು ಎಳೆದುತಂದಳು. ಅಂದು ಬೇಲಿ ಹಿಡಿದು ಏದುಸಿರು ಬಿಡುತ್ತಿದ್ದ ದಳದ ಮುಖ್ಯಸ್ಥ ಆರಿನ್, ಆಮೇಲೆ ತಮ್ಮ ಪತ್ರದ ಸುದ್ದಿ ಕೇಳಿ, "ಈ ಹುಡುಗಿಗೆ ದಮ್ಮಿಲ್ವಂತಾ? ಹಾಗಾದ್ರೆ ನನ್ನನ್ನ ಇವತ್ತೇ ಮಣ್ಣು ಮಾಡ್ಬಿಡಿ," ಎಂದ.

ಆದ್ದರಿಂದ ದಯವಿಟ್ಟು ನಮ್ಮ ಅಡುಗೆಮನೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿ ಅವಳ ಉಸಿರುಗಳನ್ನು ಎಣಿಸಿಕೊಳ್ಳಿ. ತಮ್ಮ ಅನುಮತಿ ಪತ್ರ ಇಲ್ಲದೆ ಅವಳ ಮೂಗಿನೊಳಗೆ ಹೋಗಬಾರದೆಂದು ಜಿಲ್ಲೆಯ ಎಲ್ಲ ಹೊಗೆಗೂ ಆದೇಶ ಹೊರಡಿಸಿ.

ಸೇನೆಯ ಶುಶ್ರೂಷಕರ ತರಬೇತಿಯಲ್ಲಿ ಅವಳಿಗಾಗಿ ಕಾದಿರಿಸಿದ ಜಾಗ ಜೂನ್ ಮೂರರವರೆಗೆ ಮಾತ್ರ. ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಿಂದ ಅವಳು ಜೂನ್ ಪುಟವನ್ನು ಸದ್ದಿಲ್ಲದೆ ಕಿತ್ತುಹಾಕಿದ್ದಾಳೆ. ಅದನ್ನು ಕಂಡು ನಾನು ಅತ್ತೆ. ತಪ್ಪು ನನ್ನದು ಮಾನ್ಯರೇ, ಶಿಕ್ಷೆ ಅವಳಿಗೇಕೆ?

ಪುರಾವೆಯಾಗಿ ಏಳೂ ಇನ್‌ಹೇಲರುಗಳನ್ನು, ಸೀಲು ಒಡೆಯದೆ, ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ ಹಾಗೂ ಈ ಪ್ರಕರಣದ ಏಕೈಕ ಅಪರಾಧಿ,
ಮಾರ್ಲಿಸ್ ಹಾಲ್ವರ್ಸನ್

ಮರೆತ ಮಾತು: ಇವನ್ನು ಹಿಂದಿರುಗಿಸಬೇಕಾಗಿಲ್ಲ. ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಅವಳ ಕಡತ ಹದಿನಾಲ್ಕು ತಿಂಗಳು ತೆಗೆದುಕೊಂಡಿದೆ. ಆ ಕಡತ ಹೊತ್ತು ನಡೆಯುವವರು ದಾರಿಯಲ್ಲಿ ದಮ್ಮು ಕಟ್ಟಿದರೆ ಇವನ್ನು ಎರಡೆರಡು ಸಲ ಎಳೆದುಕೊಳ್ಳಲಿ.